ಚೆಂಡು ಬಿಟ್ಟು ಮೊಮ್ಮಗಳನ್ನು ಹಿಡಿದ ವಿಡಿಯೋ

ಹನುಮಪ್ಪನನ್ನು ನಂಬಿದವರೇ, ಕಳೆದ ಚಳಿಗಾಲದಲ್ಲಿ ನನ್ನ ಮೊಮ್ಮಗಳು ಅನಘಾ ಸರಿಯಾಗಿ ಊಟವನ್ನೂ ಮಾಡದೆ ಕೋಣೆ ಸೇರಿಬಿಟ್ಟಿದ್ದಳು. ನಾವಿರುವುದು ಅಮೆರಿಕದಲ್ಲಿ, ರೆಡ್ಮಂಡಿನ ಎಜುಕೇಶನ್ ಹಿಲ್‌ನಲ್ಲಿ. ಹುಡುಗಿ ಹನ್ನೊಂದನೇ ತರಗತಿ, ವಾಲಿಬಾಲ್ ಆಡುತ್ತಾಳೆ. ಹೊಡೆಯುವವಳಲ್ಲ, ಹಿಂದೆ ನಿಂತು, ನೆಲಕ್ಕೆ ಬೀಳುವ ಚೆಂಡನ್ನು ಎತ್ತುವವಳು. ಕಾಲೇಜು ತಂಡದಲ್ಲಿ ಆಡಬೇಕೆಂಬುದೊಂದೇ ಆಸೆ. ಅದಕ್ಕೆ ಕಾಲೇಜಿನ ಕೋಚ್‌ಗಳ ಕಣ್ಣಿಗೆ ಬೀಳಬೇಕಂತೆ.

ನನ್ನ ಮಗ ಶ್ರೀಧರ ಅವಳು ಚೆನ್ನಾಗಿ ಆಡಿದ್ದನ್ನಷ್ಟೇ ಕತ್ತರಿಸಿ ಜೋಡಿಸಿ, ಹಾಡು ಹಾಕಿ, ಮದುವೆ ವಿಡಿಯೋ ಹಾಗೆ ಮಾಡಿ, ತಾನೇ ಎಲ್ಲ ಕೋಚ್‌ಗಳಿಗೂ ಇಮೇಲ್ ಬರೆದ. ಒಬ್ಬರೂ ಉತ್ತರ ಕೊಡಲಿಲ್ಲ.

"ಐ ಆಮ್ ಡನ್, ಅಜ್ಜಿ," ಎಂದಳು ಅನಘಾ. ಇನ್ನು ಆಟವೇ ಸಾಕಂತೆ. ತಾನು ಯಾರಿಗೂ ಕಾಣಿಸುವುದೇ ಇಲ್ಲವಂತೆ.

ಶನಿವಾರ ದೀಪ ಹಚ್ಚಿ ದೇವರನ್ನೇ ಕೇಳಿದೆ: "ಸಮುದ್ರ ಹಾರ್ದೋನು ನೀನು. ಒಬ್ಬ ಕೋಚ್ ಕಣ್ಣು ಈ ಕಡೆ ತಿರುಗಿಸೋಕೆ ಆಗಲ್ವಾ?"

ಮರುದಿನ ಪಂದ್ಯ. ನಡುವೆ ಶ್ರೀಧರನಿಗೆ ಆಫೀಸಿನ ಕಾಲ್ ಬಂತು. ನನ್ನ ಫೋನಿನಲ್ಲಿ ವಿಡಿಯೋ ಶುರು ಮಾಡಿ, "ಅಮ್ಮಾ, ಹೀಗೇ ಹಿಡ್ಕೊಂಡಿರು, ಬಂದೆ," ಎಂದು ಹೋದವನು ಆಟ ಮುಗಿದ ಮೇಲೇ ಬಂದ. ನನಗೆ ಆಟ ತಿಳಿಯದು. ಅವಳನ್ನೇ ನೋಡಿದೆ, ಅವಳತ್ತಲೇ ಫೋನ್ ಹಿಡಿದೆ. ಅವಳ ತಂಡ ಸೋತಿತು.

ಮನೆಯಲ್ಲಿ ಮಗ ತಲೆ ಚಚ್ಚಿಕೊಂಡ. "ಏನಮ್ಮಾ ಇದು! ಚೆಂಡೇ ಕಾಣಲ್ವಲ್ಲ!"

"ಚೆಂಡು ನನ್ನ ಮೊಮ್ಮಗಳೇನೋ?" ಎಂದೆ.

ಅನಘಾ ನಕ್ಕುಬಿಟ್ಟಳು. ಎಷ್ಟೋ ದಿನವಾಗಿತ್ತು ಆ ನಗು ಕೇಳಿ. ಅಪ್ಪನಿಗೆ ಹೇಳದೆ, ತಾನೇ ನಾಲ್ಕು ಸಾಲು ಬರೆದು, ಆ ವಿಡಿಯೋವನ್ನು ಹಾಗೆಯೇ ಒಬ್ಬ ಕೋಚಮ್ಮನಿಗೆ ಕಳಿಸಿದಳು.

ವಾರದೊಳಗೆ ಆಕೆಯಿಂದ ಫೋನ್ ಬಂತು. ಆಕೆ ಹೇಳಿದ್ದನ್ನು ಸೊಸೆ ನನಗೆ ಬಿಡಿಸಿ ಹೇಳಿದಳು: "ಅತ್ತೆ, ಎಲ್ರೂ ಚೆನ್ನಾಗಿರೋದನ್ನೇ ಆರಿಸಿ ಕಳಿಸ್ತಾರಂತೆ. ಚೆಂಡು ಹತ್ರ ಇಲ್ದಾಗ ಹುಡುಗಿ ಏನ್ ಮಾಡ್ತಾಳೆ ಅಂತ ಯಾರೂ ತೋರ್ಸಲ್ವಂತೆ. ನಮ್ಮವಳು ಮೊದಲೇ ಜಾಗಕ್ಕೆ ಓಡಿರ್ತಾಳೆ, ತಪ್ಪು ಮಾಡಿದವಳ ಬೆನ್ನು ತಟ್ತಾಳೆ. ಅದನ್ನ ನೋಡಿದ್ರಂತೆ. ಇನ್ಮೇಲೂ ಅಪ್ಪ ಬರೆಯೋದು ಬೇಡ, ಅವಳೇ ಬರೀಲಿ ಅಂದ್ರು."

ಬೇಸಿಗೆಯ ಶಿಬಿರಕ್ಕೆ ಕರೆದರು. ಅಲ್ಲಿ ಆಡಿಸಿ ನೋಡಿ, ತಂಡದಲ್ಲಿ ಜಾಗ ಇದೆ ಎಂದರು.

ಶ್ರೀಧರ ಅದೃಷ್ಟ ಎನ್ನುತ್ತಾನೆ. ಎನ್ನಲಿ. ಅವನನ್ನು ಆಚೆ ಕಳಿಸಿ ನನ್ನ ಕೈಗೆ ಫೋನ್ ಕೊಡಿಸಿದವನು ಯಾರೆಂದು ನನಗೆ ಗೊತ್ತು.

ಹನುಮಪ್ಪನಿಗೆ ವಡೆ ಹಾರ ಮಾಡಿದೆ. ಅನಘಾ ಪಕ್ಕದಲ್ಲಿ ಕೂತು ಪೋಣಿಸುತ್ತಿದ್ದಳು.

"ಅಜ್ಜಿ, ಆರ್ ಯು ಕ್ರೈಯಿಂಗ್?"

"ಮೆಣಸಿನ ಘಾಟು ಕಣೇ. ಸುಮ್ನೆ ಪೋಣಿಸು, ಸ್ವಾಮಿ ಕಾಯ್ತಿದಾನೆ."