ತಾಬಿಲ್ಡಿಯ ವ್ಯಾನು, ದಾರಿಯುದ್ದದ ರೊಟ್ಟಿ

ಬಿಷ್ಕೆಕ್‌ನಿಂದ ಓಶ್‌ಗೆ ವ್ಯಾನು ಓಡಿಸುವ ತಾಬಿಲ್ಡಿಗೆ ಕಣಿವೆಗೊಬ್ಬ ನೆಂಟ. ಬಾಗಿಲಿಗೆ ಬಂದವರು ರೊಟ್ಟಿಯ ಒಂದು ಚೂರನ್ನಾದರೂ ಬಾಯಿಗೆ ಹಾಕದೆ ಹೋಗಬಾರದು ಎನ್ನುವುದು ನಮ್ಮ ಕಿರ್ಗಿಜರ ಪದ್ಧತಿ. ಈ ಪುಣ್ಯಾತ್ಮ ಒಂದು ಬಾಗಿಲನ್ನೂ ಬಿಟ್ಟವನಲ್ಲ.

ನಾನು ಅವನ ವ್ಯಾನಿನಲ್ಲಿ ಊರಿಗೆ ಹೊರಟ ದಿನ ಘಾಟಿ ಹತ್ತುವ ಮುಂಚೆ ಅವನ ಅತ್ತೆಯ ಮನೆ, ಇಳಿದ ಮೇಲೆ ಷಡ್ಡಕನ ಡೇರೆ, ಆಮೇಲೆ ಸೈನ್ಯದಲ್ಲಿ ಜೊತೆಗಿದ್ದವನ ಜೇನಂಗಡಿ. ನನಗೆ ರೇಗಿಹೋಯಿತು.

"ಏನಣ್ಣಾ, ಊರು ಸೇರಿಸ್ತೀಯೋ, ನೆಂಟರ ಮನೆ ಸುತ್ತಿಸ್ತೀಯೋ?"

"ರೊಟ್ಟಿಗೆ ಬೆನ್ನು ತೋರ್ಸಿದ್ರೆ ದಾರಿ ಸಾಗಲ್ಲ, ತಂಗಿ."

"ಮುಖ ತೋರ್ಸಿದ್ರೂ ಸಾಗ್ತಿಲ್ವಲ್ಲ!"

ವ್ಯಾನಿನಲ್ಲಿದ್ದವರೆಲ್ಲ ನಕ್ಕರು. ಮುಂದಿನ ತಿರುವಿನಲ್ಲಿ ಅವನು ಮತ್ತೆ ಬ್ರೇಕ್ ಹಾಕಿದ. ನಾನು ಹಲ್ಲು ಕಡಿಯುತ್ತ ಕೂತೆ.

ಕತ್ತಲಾಗುವ ಹೊತ್ತಿಗೆ ನಮ್ಮೂರು ಬಂತು. ಮನೆಯ ಮುಂದೆ ನನ್ನ ಚೀಲ ಇಳಿಸಿದವನೇ ತಾಬಿಲ್ಡಿ ಗಾಡಿ ಹತ್ತಿದ.

"ಇನ್ಮೇಲೆ ಯಾರ ಬಾಗಿಲಲ್ಲೂ ನಿಲ್ಲಲ್ಲ, ತಂಗಿ. ಬುದ್ಧಿ ಬಂತು."

"ಅಬ್ಬಾ, ಹೊರಡಪ್ಪಾ ಬೇಗ!" ಎಂದರು ವ್ಯಾನಿನೊಳಗಿದ್ದವರು.

ಅಷ್ಟರಲ್ಲಿ ಅಮ್ಮ ಬಿಸಿ ರೊಟ್ಟಿ ಹಿಡಿದು ಓಡಿಬಂದಳು. ನಾನು ಅದನ್ನು ಕಿತ್ತುಕೊಂಡು ಹೋಗಿ ವ್ಯಾನಿಗೆ ಅಡ್ಡ ನಿಂತೆ.

"ಹಂಗೇ ಹೋಗ್ಬಿಡ್ತೀಯಾ? ನಾವೇನು ಮನುಷ್ಯರಲ್ವಾ? ಇಳಿಯಣ್ಣಾ ಕೆಳಗೆ!"