ನಿಪ್ಪಾಣಿಯ ಕಾಟಾ, ಮೈಸೂರಿನ ಗಾಳಿ

ಮೈಸೂರಿನಲ್ಲಿ ಮೊದಲ ಬೆಳಿಗ್ಗೆ ಕಣ್ಣು ತೆರೆದಾಗ ನನ್ನ ಮೂಗು ಹೋಗಿದೆ ಅನ್ನಿಸಿತು. ಗಾಳಿಗೆ ವಾಸನೆಯೇ ಇರಲಿಲ್ಲ. ಕಿಟಕಿ ತೆರೆದೆ, ಆಗಲೂ ಇಲ್ಲ. ಗಾಬರಿಯಾಗಿ ಅಡುಗೆಮನೆಗೆ ಹೋಗಿ ಖಾರದ ಪುಡಿಯ ಡಬ್ಬಿ ಮೂಸಿದೆ. ಮೂರು ಸೀನು ಬಂದ ಮೇಲೆ ಸಮಾಧಾನವಾಯಿತು. ನಾನು ಐವತ್ತೆಂಟು ವರ್ಷ ನಿಪ್ಪಾಣಿಯಲ್ಲಿ ತಂಬಾಕಿನ ಘಾಟಿನಲ್ಲೇ ಎದ್ದವನು. ನಮ್ಮಲ್ಲಿ ಅದು ಗೋಡೆಯಲ್ಲಿರುತ್ತದೆ, ಹಾಸಿಗೆಯಲ್ಲಿರುತ್ತದೆ, ಪೆಟ್ಟಿಗೆಯಲ್ಲಿಟ್ಟ ಮದುವೆ ಸೀರೆಯ ಮಡಿಕೆಯಲ್ಲೂ ಇರುತ್ತದೆ. ಅದಿಲ್ಲದ ಬೆಳಗು ನನಗೆ ಉಪ್ಪಿಲ್ಲದ ಊಟ. ಒಳಗೆ ನನ್ನ ಹೆಂಡತಿ ಶಾಂತಾ ಬಾಯಿ ಮುಚ್ಚಿಕೊಂಡು ನಿದ್ದೆ ಮಾಡುತ್ತಿದ್ದಳು. ಇಪ್ಪತ್ತು ವರ್ಷದಿಂದ ಅವಳು ಉಸಿರಿಗಾಗಿ ಬಾಯಿ ತೆರೆದೇ ಮಲಗುತ್ತಿದ್ದವಳು. ಅದನ್ನು ನೋಡಿಯೂ ನೋಡದವನಂತೆ ಚಹಾಕ್ಕೆ ನೀರಿಟ್ಟೆ.

ನಾವು ಊರು ಬಿಟ್ಟದ್ದೇ ಅವಳ ಎದೆಯ ಕಾರಣಕ್ಕೆ. ನಾನು ಮೂವತ್ತು ವರ್ಷ ಒಂದು ಅಡತಿ ಅಂಗಡಿಯಲ್ಲಿ ಕಾಟಾ ನೋಡಿದೆ. ಅಂದರೆ, ರೈತರು ತಂದ ತಂಬಾಕಿನ ಚೀಲವನ್ನು ತಕ್ಕಡಿಗೆ ಹಾಕಿಸಿ ತೂಕ ಕೂಗಿ ಹೇಳುವ ಕೆಲಸ. ನಮ್ಮ ಹಿತ್ತಲಿಗೆ ಹೊಂದಿಕೊಂಡೇ ಗೋದಾಮು. ಸುಗ್ಗಿಯಲ್ಲಿ ಒಣ ಎಲೆ ಕುಟ್ಟಿ ಜರಡಿ ಹಿಡಿದಾಗ ಏಳುವ ಧೂಳು ನನಗೇನೂ ಮಾಡಲಿಲ್ಲ, ಅವಳನ್ನು ಹಿಡಿದುಕೊಂಡಿತು. ಮಿರಜದ ಡಾಕ್ಟರು ಎದೆಯ ಫೋಟೋ ನೋಡಿ ನನ್ನ ಕಡೆ ತಿರುಗಿದರು. "ಔಷಧ ಕೊಡತೀನಿ. ಆದ್ರ ಊರು ಬಿಡದಿದ್ರ ನಾ ಎಷ್ಟ ಕೊಟ್ರೂ ನೀರಾಗ ಹೋಮ. ಧೂಳಿರಬಾರದು, ಥಂಡಿ ಇರಬಾರದು, ಎದಿ ದವಾಖಾನಿ ಹತ್ತಿರ ಇರಬೇಕು."

ಬೀಗರು ಹೆಣ್ಣು ನೋಡುವ ಹಾಗೆ ನಾವು ಊರು ನೋಡಿದೆವು. ನನ್ನ ತಮ್ಮ ಬಾಪು, ಅವನ ಹೆಂಡತಿ, ಓಣಿಯವರು ಎಲ್ಲರೂ ಪಡಸಾಲೆಯಲ್ಲಿ ಕೂತು ಒಂದೊಂದೇ ಊರನ್ನು ಹಳಿದರು. ಹುಬ್ಬಳ್ಳಿಯ ಧೂಳು ನಮಗೇ ಗೊತ್ತು. ಮಂಗಳೂರಿನಲ್ಲಿ ಬೆವರು. ಕೊಯಮತ್ತೂರು ಒಳ್ಳೆಯದೆಂದರು, ಆದರೆ ಅಲ್ಲಿ ನನ್ನ ಕನ್ನಡವೂ ನಡೆಯದು, ಮರಾಠಿಯೂ ನಡೆಯದು. ನನ್ನ ಮನಸ್ಸು ಧಾರವಾಡದ ಮೇಲಿತ್ತು. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ನಿಪ್ಪಾಣಿ. ಮಳೆಗಾಲದಲ್ಲಿ ಧಾರವಾಡದಲ್ಲೇ ಇರುವ ಅವಳ ತಂಗಿಯ ಮನೆಯಲ್ಲಿ ಹತ್ತು ದಿನ ಇದ್ದು ನೋಡಿದೆವು. ಗೋಡೆಯ ಹಸಿಗೆ ಏಳನೆಯ ದಿನವೇ ಅವಳು ದವಾಖಾನೆ ಸೇರಿದಳು. ಕೊನೆಗೆ ಉಳಿದದ್ದು ಮೈಸೂರು. ಮಕ್ಕಳಿಲ್ಲದ ನಮಗೆ ಗಂಟು ಕಟ್ಟುವುದು ತಡವಾಗಲಿಲ್ಲ.

ಮೈಸೂರನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಬೇಕಾದದ್ದು ಇಲ್ಲಿ ಯಾವುದೂ ಇಲ್ಲ. ಜೋಳದ ಹಿಟ್ಟು ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಬೀಸಿ ಎಷ್ಟು ತಿಂಗಳಾಯಿತೋ, ಬಡಿದರೆ ರೊಟ್ಟಿ ಅಂಚಿನಿಂದ ಸೀಳುತ್ತದೆ. ಸಾರಿಗೆ ಬೆಲ್ಲ ಹಾಕುತ್ತಾರೆ. ಚಳಿಗಾಲದಲ್ಲಿ ಇಡೀ ಬೀದಿ ಹಿತಕಿದ ಬೇಳೆಯ ಹಿಂದೆ ಬೀಳುತ್ತದೆ. ಅವರೆಕಾಳನ್ನು ನೆನೆಹಾಕಿ ಒಂದೊಂದನ್ನೇ ಬೆರಳಿನಿಂದ ಹಿಚುಕಿ ಸಿಪ್ಪೆ ತೆಗೆಯುವುದಕ್ಕೆ ಆ ಹೆಸರು. ಒಂದು ಬಟ್ಟಲು ಪಲ್ಯಕ್ಕೆ ಅರ್ಧ ದಿನ ಹಿಚುಕುವ ಜನರಿಗೆ ಮಾಡಲು ಬೇರೆ ಕೆಲಸವಿಲ್ಲವೇ ಎಂದು ನಾನು ಕೇಳಿದೆ. ಶಾಂತಾ ಮಾತ್ರ ನೆರೆಮನೆಯ ಹೆಂಗಸರ ಜತೆ ಕೂತು ಹಿಚುಕುವುದನ್ನು ಕಲಿತಳು.

ಜನರ ರೀತಿಯೂ ಹಾಗೆಯೇ. ನಮ್ಮಲ್ಲಿ ಬಾಗಿಲಿಗೆ ಬಂದವರನ್ನು "ಬರ್ರಿ, ಚಾ ಕುಡೀರಿ" ಎಂದು ಕೈಹಿಡಿದು ಒಳಗೆ ಕೂಡಿಸುತ್ತೇವೆ. ಇಲ್ಲಿ ಗೇಟು ಹಿಡಿದುಕೊಂಡೇ ಅರ್ಧ ಗಂಟೆ ನಗುನಗುತ್ತಾ ಮಾತಾಡುತ್ತಾರೆ, ಗೇಟು ತೆರೆಯುವುದಿಲ್ಲ. "ನೋಡೋಣ" ಅಂದರೆ ಆಗುವುದಿಲ್ಲ ಎಂದು ಅರ್ಥವಾಗಲು ನನಗೆ ಮೂರು ತಿಂಗಳು ಬೇಕಾಯಿತು. ಮನೆಯ ಮಾಲೀಕರು ನಿವೃತ್ತ ಮೇಷ್ಟ್ರು. ನಾನು ಅಂಗೈಯಲ್ಲಿ ತಂಬಾಕು, ಸುಣ್ಣ ತಿಕ್ಕುವುದನ್ನು ಮಹಡಿಯಿಂದ ನೋಡಿ ಇಳಿದು ಬಂದರು.

"ನೀವು ಮರಾಠಿಯವರಾ ಸಾರ್? ಕನ್ನಡ ಒಂಥರಾ ಇದೆಯಲ್ಲ, ಅದಕ್ಕೆ ಕೇಳ್ದೆ."

"ಕನ್ನಡದಾವ್ರ ಅದೀವಿರಿ," ಎಂದೆ.

"ಓ, ಸರಿ ಸರಿ. ಅದೇನೋ ತಿಕ್ತಿದ್ರಲ್ಲ, ಕಾಂಪೌಂಡಲ್ಲಿ ಉಗೀಬೇಡಿ ಅಷ್ಟೇ."

ಮೂವತ್ತು ವರ್ಷ ನನ್ನ ತೂಕದ ಮಾತಿಗೆ ಯಾರೂ ಎದುರಾಡಿದವರಿಲ್ಲ. ಅಂಥವನಿಗೆ ಎಲ್ಲಿ ಉಗುಳಬಾರದೆಂದು ಹೇಳಿಕೊಟ್ಟರು. ಆ ದಿನವೇ ನಾನು ವಾಪಸು ಹೋಗಬೇಕೆಂದು ನಿಶ್ಚಯಿಸಿದೆ.

ಆದರೆ ಶಾಂತಾ ಸುಧಾರಿಸುತ್ತಿದ್ದಳು. ಇಲ್ಲಿನ ಡಾಕ್ಟರಮ್ಮ ಅವಳಿಗೆ ಒಂದು ಊದುವ ಕೊಳವೆ ಕೊಟ್ಟಿದ್ದರು. ಬೆಳಿಗ್ಗೆ ಎದ್ದು ಜೋರಾಗಿ ಊದಿದರೆ ಅದರ ಮುಳ್ಳು ಮೇಲೇರಿ ಒಂದು ಅಂಕಿಯ ಬಳಿ ನಿಲ್ಲುತ್ತದೆ. ಅಂಕಿ ಹೆಚ್ಚಿದಷ್ಟೂ ಉಸಿರು ಸಲೀಸು. ಅಂಕಿಗಳು ಸಣ್ಣವು, ಕನ್ನಡಕ ಹಾಕದೆ ಅವಳಿಗೆ ಕಾಣುತ್ತಿರಲಿಲ್ಲ. ಓದಿ ಹೇಳಿ ಕ್ಯಾಲೆಂಡರಿನಲ್ಲಿ ಬರೆಯುವ ಕೆಲಸ ನನ್ನದಾಯಿತು. ಮುಳ್ಳು ನೋಡುವುದರಲ್ಲಿ ನನಗಿಂತ ಪಳಗಿದವರು ಯಾರಿದ್ದಾರೆ?

ನಮ್ಮ ಪೇಟೆಯಲ್ಲಿ ಒಂದು ಪದ್ಧತಿಯಿದೆ. ಚೀಲದಲ್ಲಿ ಮಣ್ಣು, ಕಡ್ಡಿ, ಹಸಿ ಇರುತ್ತದೆಂದು ತೂಕದಲ್ಲಿ ಇಷ್ಟು ಎಂದು ಕಡಿಯುತ್ತಾರೆ. ಅದಕ್ಕೆ ಸೂಟು ಎನ್ನುತ್ತೇವೆ. ರೈತ ಮುಖ ಸಣ್ಣದು ಮಾಡಿಕೊಳ್ಳುತ್ತಾನೆ, ತೂಗುವವನು ಅತ್ತ ನೋಡುವುದಿಲ್ಲ. ಆ ಕೈ ನನ್ನ ಜತೆಗೇ ಮೈಸೂರಿಗೆ ಬಂದಿತ್ತು. ಮುಳ್ಳು ಮುನ್ನೂರಕ್ಕೆ ನಿಂತರೆ ನಾನು ಎರಡುನೂರ ಎಪ್ಪತ್ತು ಎಂದೆ. ಮರುದಿನ ಎರಡುನೂರ ಅರವತ್ತು. ಇಲ್ಲಿನ ಗಾಳಿಯಿಂದ ಏನೂ ಆಗಲಿಲ್ಲ ಎಂದು ತಿಳಿದರೆ ಅವಳೇ ಊರಿಗೆ ಹೋಗೋಣ ಎನ್ನುತ್ತಾಳೆ, ಅಷ್ಟೇ ನನ್ನ ಲೆಕ್ಕ. ಇದರಿಂದ ಯಾರಿಗೆ ಏನು ನಷ್ಟ ಎಂದುಕೊಂಡೆ.

ನಷ್ಟ ಎರಡು ತಿಂಗಳಲ್ಲಿ ಕಂಡಿತು. ಡಾಕ್ಟರಮ್ಮ ನನ್ನ ಅಂಕಿ ನೋಡಿ, "ಊರು ಬದಲಾಯಿಸಿದ್ರೂ ಏರ್ತಾನೇ ಇಲ್ವಲ್ಲ," ಎಂದು ಗುಳಿಗೆ ಹೆಚ್ಚಿಸಿದರು. ಶಾಂತಾಳ ಕೈ ನಡುಗತೊಡಗಿತು. ಎದೆ ಡವಡವ ಎನ್ನುತ್ತದೆ ಎಂದು ಕೂತಲ್ಲಿಂದ ಏಳಲು ಹೆದರಿದಳು. ಒಂದು ಬೆಳಿಗ್ಗೆ ರೊಟ್ಟಿ ಬಡಿಯಲು ಕೂತವಳು ಹಿಟ್ಟನ್ನು ಹಾಗೇ ಬಿಟ್ಟು ಗೋಡೆಗೆ ಒರಗಿದಳು.

"ಒಂದ ಮಾತ ಕೇಳ್ಲೇನ್ರಿ? ನನಗ ಉಸಿರು ಹಗುರ ಆಗೇತಿ ಅನಸ್ತಿತ್ತು. ಕೊಳವಿ ಇಲ್ಲ ಅಂತೈತಿ. ನನ್ನ ಜೀವದ ಮಾತ ನನಗ ತಿಳೀಲಿಲ್ಲ ಅಂದ್ರ ಇನ್ನೇನ ಉಳೀತು? ನಡೀರಿ, ನಿಪ್ಪಾಣಿಗೇ ಹೋಗೂನು. ಎಲ್ಲಿದ್ರೂ ಅಷ್ಟ ಅಂದ್ರ ನಮ್ಮ ಮಂದಿಯೊಳಗಾರ ಸಾಯ್ತೀನಿ."

ನಾನು ಬಯಸಿದ್ದ ಮಾತೇ ಅದು. ಆದರೆ ಕೇಳಿದ ಮೇಲೆ ಗಂಟು ಕಟ್ಟಲು ಏಳಲಿಲ್ಲ. ಅವಳ ಎದುರಿಗೆ ಕೂತು, ಹಿಟ್ಟಿನ ಪರಾತವನ್ನು ನೋಡುತ್ತಾ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಕೈ ತೊಳೆದುಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡು ಕೊಳವೆ ಊದಿದಳು. ಮುಳ್ಳನ್ನು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದಳು. ಎಷ್ಟೆಂದು ನನಗೆ ಹೇಳಲಿಲ್ಲ. ಅಂದೇ ಸಿಟಿ ಬಸ್ಸು ಹತ್ತಿ ಒಬ್ಬಳೇ ದವಾಖಾನೆಗೆ ಹೋಗಿ ಬಂದಳು.

"ಡಾಕ್ಟರಮ್ಮಗ ನಾ ತಪ್ಪ ಓದಿದ್ನಿ ಅಂತ ಹೇಳೀನಿ," ಎಂದಳು. "ನಿಮ್ಮ ಹೆಸರು ಹೇಳಾಕ ನಾಚಿಕಿ ಬಂತು."

ಗುಳಿಗೆ ಇಳಿಯಿತು, ಕೈಯ ನಡುಕ ನಿಂತಿತು. ನಮ್ಮ ನಡುವಿನ ಮಾತು ಊಟಕ್ಕೆ ಬರ್ರಿ ಎನ್ನುವಷ್ಟಕ್ಕೆ ಉಳಿಯಿತು. ಜನವರಿಯಲ್ಲಿ ಬಾಪು ಹೊಸ ಮನೆಯ ಪೂಜೆಗೆ ಕರೆದ. ತಂಬಾಕಿನ ಸುಗ್ಗಿ ಅದು, ಅವಳು ಬರುವ ಪ್ರಶ್ನೆಯೇ ಇರಲಿಲ್ಲ. ನಾನೊಬ್ಬನೇ ಹೋದೆ. ಬಸ್ಸಿನಿಂದ ಇಳಿದವನು ಸ್ಟ್ಯಾಂಡಿನಲ್ಲೇ ನಿಂತು ಎದೆ ತುಂಬ ಘಾಟು ಎಳೆದುಕೊಂಡೆ. ಪರಿಚಯದ ಹಮಾಲನೊಬ್ಬ ತಂಬಾಕು ತಿಕ್ಕಿ ಅರ್ಧ ನನ್ನ ಅಂಗೈಗೆ ಹಾಕಿದ. ನಾಲ್ಕು ದಿನಕ್ಕೆಂದು ಹೋದವನು ಹದಿನಾಲ್ಕು ದಿನ ಉಳಿದೆ. ಬಾಪು ಕೋಣೆಯೊಂದನ್ನು ತೋರಿಸಿದ.

"ದಾದಾ, ಇದು ನಿಂದ. ಶಾಂತಾ ವಹಿನಿಗೆ ಅಲ್ಲೀ ಹವಾ ಒಗ್ಗತೈತಿ, ನಿನಗ ಇಲ್ಲೀದು ಒಗ್ಗತೈತಿ. ಆಕಿ ಅಲ್ಲಿರ್ಲಿ, ನೀ ಇಲ್ಲಿರು. ಏನ ತಪ್ಪೈತಿ?"

ತಪ್ಪೇನೂ ಕಾಣಲಿಲ್ಲ. ಒಪ್ಪಿಕೊಂಡೇ ಬಿಟ್ಟಿದ್ದೆ. ಅದನ್ನು ಹೇಳಲು ಅಂಗಳದಲ್ಲಿ ನಿಂತು ಶಾಂತಾಳಿಗೆ ಫೋನು ಮಾಡಿದೆ.

ಅವಳು ನನ್ನ ಮಾತು ಮುಗಿಯಲು ಬಿಡಲಿಲ್ಲ. "ಹದಿನಾಲ್ಕ ದಿನಾ ಆತು, ಬದುಕಿದಿಯೋ ಸತ್ತಿಯೋ ಅಂತ ಒಂದ ಫೋನ ಇಲ್ಲ, ನನ್ನ ಉಸಿರು ಕಡದು ತಿಂದ ಮನಶ್ಯಾ ನೀವು, ಈಗ ಕೋಣಿ ಸಿಕ್ತಂತ ಅಲ್ಲೇ ಬೀಳ್ತೀರೇನು, ನಾ ಇಲ್ಲಿ ನೆರಿಮನಿಯಾವ್ರ ಕೂಡ ಚಾಮುಂಡಿ ಬೆಟ್ಟದ ನಂದೀ ತನಾ ಮೆಟ್ಟಲ ಹತ್ತಿ ಬಂದ್ನಿ, ಅದನ್ನ ಹೇಳಾಕ ಮನ್ಯಾಗ ಒಂದ ಮನಶ್ಯಾ ಇರಲಿಲ್ಲ..."

ಅದು ಉಸಿರಿಗೆ ಎಲ್ಲೂ ನಿಲ್ಲದೆ ಹಾಗೇ ಹರಿಯಿತು. ಮದುವೆಯಾದ ಹೊಸದರಲ್ಲಿ ಅವಳು ಹೀಗೆ ಬೈಯುತ್ತಿದ್ದಳು. ಎದೆ ಕೆಟ್ಟ ಮೇಲೆ ಎರಡು ಮಾತಿಗೊಮ್ಮೆ ನಿಂತು, ಎದೆ ಹಿಡಿದು, ಹೋಗಲಿ ಬಿಡ್ರಿ ಎಂದು ಕೈ ಬೀಸುತ್ತಿದ್ದಳು. ಅವಳು ಶಾಂತ ಸ್ವಭಾವದವಳೆಂದು ಓಣಿಯೆಲ್ಲ ಹೊಗಳುತ್ತಿತ್ತು, ನಾನೂ ಹಾಗೇ ತಿಳಿದಿದ್ದೆ. ಬೈಗುಳ ಮುಗಿಯುವವರೆಗೂ ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತೆ. ಮರುದಿನ ಮೈಸೂರಿಗೆ ಹೊರಟೆ.

ಇಲ್ಲಿಯೇ ಕೂತು ಇದನ್ನು ಬರೆಯುತ್ತಿದ್ದೇನೆ. ಈ ಊರು ನನಗೆ ಇವತ್ತಿಗೂ ಸೇರುವುದಿಲ್ಲ. ನೆರೆಯವರ ಗೇಟು ನನಗಿನ್ನೂ ತೆರೆದಿಲ್ಲ, ಸಾರಿನ ಬೆಲ್ಲ ಕಡಿಮೆಯಾಗಿಲ್ಲ. ನಿಪ್ಪಾಣಿಯ ಮೇಲೆ ಜೀವವಿದೆ. ಆದರೆ ಇಪ್ಪತ್ತು ವರ್ಷ ನನ್ನ ಹೆಂಡತಿಯ ಮಾತನ್ನು ಅರ್ಧಕ್ಕೇ ನಿಲ್ಲಿಸಿದ ಊರೂ ಅದೇ, ಮತ್ತು ಆ ಮೌನದಲ್ಲಿ ನಾನು ಸುಖವಾಗಿದ್ದೆ.