ಆಯುಧ ಪೂಜೆಗೆ ತೊಳೆದ ಡಿಸ್ಕ್

ಸೊರಬದ ಒಂದು ಮರಗೆತ್ತನೆಯ ಅಂಗಡಿಗೆ ನಾನು ಶಿಕಾರಿಪುರದಿಂದ ತಿಂಗಳಿಗೊಮ್ಮೆ ಹೋಗುತ್ತೇನೆ. ಹಿಟ್ಟಿನ ಗಿರಣಿ, ಕುರಿ ಔಷಧಿಯ ಅಂಗಡಿ, ಇಂಥವರ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ದೂಳು ತೆಗೆಯಬೇಕು, ಪಾಸ್‌ವರ್ಡ್ ಬದಲಿಸಬೇಕು, ಒಳಗಿರುವುದನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿಡಬೇಕು. ಪ್ರತಿ ಭೇಟಿಯನ್ನೂ ದಿನಾಂಕ ಹಾಕಿ ದಿನಚರಿಯಲ್ಲಿ ಬರೆದು, ಎಲ್ಲ ಸರಿಯಿದ್ದರೆ ಪಕ್ಕಕ್ಕೊಂದು ಗೀಟು ಎಳೆಯುತ್ತೇನೆ. ಹೋದ ವರ್ಷ ನವರಾತ್ರಿಗೆ ಮುಂಚಿನ ಭೇಟಿಯ ಪಕ್ಕದಲ್ಲಿ ಗೀಟಿಲ್ಲ. ‘ಟಿಕ್ ಶಬ್ದ’ ಎಂದಷ್ಟೇ ಇದೆ.

ಶಬ್ದ ಬರುತ್ತಿದ್ದುದು ಕಂಪ್ಯೂಟರಿನೊಳಗಿನ ಹಳೇ ಡಿಸ್ಕಿನಿಂದ. ಅಂಗಡಿ ನಡೆಸುವ ಅಣ್ಣನ ತಂದೆ ಜೀವಮಾನವೆಲ್ಲ ಕೈಯಿಂದ ಬರೆದ ಬಾಗಿಲು, ಮಂಟಪಗಳ ಚಿತ್ತಾರಗಳು ಸ್ಕ್ಯಾನ್ ಆಗಿ ಅದರಲ್ಲಿದ್ದವು. ಮೂಲ ಕಾಗದಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಅಜ್ಜನ ಕೈ ಈಗ ನಡುಗುತ್ತದೆ, ಗೆರೆ ನೇರ ಬರುವುದಿಲ್ಲ. ಚಿತ್ತಾರಗಳು ಉಳಿದಿದ್ದುದು ಎರಡೇ ಕಡೆ: ಆ ಕಂಪ್ಯೂಟರಿನಲ್ಲಿ, ಮತ್ತು ನಾನು ನಕಲು ಮಾಡಿ ಅಂಗಡಿಯಲ್ಲೇ ಇಟ್ಟಿದ್ದ ಅಂಗೈಯಗಲದ ಡಿಸ್ಕಿನಲ್ಲಿ.

“ಅಣ್ಣಾ, ನಾನು ಹೊಸ ಡಿಸ್ಕ್ ತರೋ ತನಕ ಇದನ್ನ ಆಫ್ ಮಾಡ್ಬೇಡಿ. ಒಂದ್ಸಲ ನಿಂತ್ರೆ ಮತ್ತೆ ತಿರುಗದೇ ಇರಬಹುದು” ಎಂದು ಹೇಳಿ ಬಂದಿದ್ದೆ. ಇನ್ವರ್ಟರ್ ಇದ್ದುದರಿಂದ ಕರೆಂಟು ಹೋಗುವ ಹೆದರಿಕೆ ಇರಲಿಲ್ಲ.

ಹೊಸ ಡಿಸ್ಕ್ ಹಿಡಿದು ನಾನು ಹೋದದ್ದು ಆಯುಧ ಪೂಜೆಯ ದಿನ. ಉಳಿ, ಕೊಡತಿ, ಗರಗಸ ಎಲ್ಲ ತೊಳೆದು ಸಾಲಾಗಿ ಜೋಡಿಸಿದ್ದರು. ಕಂಪ್ಯೂಟರಿಗೆ ಚೆಂಡುಹೂವಿನ ಹಾರ ಹಾಕಿ, ಪರದೆಗೆ ಕುಂಕುಮ ಇಟ್ಟಿದ್ದರು. ಪರದೆ ಕಪ್ಪಗಿತ್ತು. ಉಳಿಗಳ ಸಾಲಿನ ಕೊನೆಯಲ್ಲಿ ನನ್ನ ನಕಲಿನ ಡಿಸ್ಕ್. ಅದರ ಸಂದಿಯಲ್ಲಿ ನೀರಿನ ಹನಿ ಕೂತಿತ್ತು.

“ಅಕ್ಕಾ, ಇದು ಒದ್ದೆ ಆಗಿದೆಯಲ್ಲ?” ಎಂದೆ.

“ಮತ್ತೆ? ಅದೂ ಆಯುಧ ಅಲ್ವಾ?” ಎಂದರು ಅಣ್ಣನ ಹೆಂಡತಿ. “ಉಳಿ ಜೊತೆ ಬಕೆಟ್ಟಿಗೆ ಹಾಕಿ ಸೋಪಲ್ಲಿ ತಿಕ್ಕಿದೆ. ಎಷ್ಟು ಕೊಳೆ ಇತ್ತು ಗೊತ್ತಾ? ತಿಂಗ್ಳು ತಿಂಗ್ಳು ಬಂದು ಎಂತ ಒರೆಸ್ತೀಯೋ ಮಾರಾಯ್ತಿ!”

ಎಲ್ಲರೂ ನಕ್ಕರು. ನಾನು ಅಣ್ಣನ ಕಡೆ ತಿರುಗಿದೆ. “ಕಂಪ್ಯೂಟರ್?”

“ನಾನೇ ಆಫ್ ಮಾಡ್ದೆ ತಂಗಿ. ನೀ ಹೇಳಿದ್ದು ನೆನಪಿತ್ತು. ಆದ್ರೆ ಓಡ್ತಾ ಇರೋದಕ್ಕೆ ಪೂಜೆ ಮಾಡೋದು ಹೆಂಗೆ? ಒಂದು ದಿನನಾದ್ರೂ ಸುಧಾರಿಸ್ಕೊಳ್ಲಿ.”

“ಈಗ್ಲೇ ಒಂದ್ಸಲ ಹಾಕಿ ನೋಡ್ಲಾ?”

ಮೂಲೆಯ ಮಣೆಯ ಮೇಲಿಂದ ಅಜ್ಜ ಕೈ ಎತ್ತಿದರು. “ಮುಟ್ಟಬ್ಯಾಡ ಮಗಾ. ನಾಳೆ ಕದಲಿಸಿದ ಮೇಲೆ.”

ಪೂಜೆಗಿಟ್ಟ ಆಯುಧವನ್ನು ಮರುದಿನ ಬೆಳಿಗ್ಗೆ ಅಕ್ಷತೆ ಹಾಕಿ, ತುಸು ಸರಿಸುವವರೆಗೆ ಯಾರೂ ಬಳಸುವ ಹಾಗಿಲ್ಲ. ಅಣ್ಣನನ್ನು ಅಂಗಡಿಯ ಹೊರಗೆ ಕರೆದು, ಎರಡೂ ಡಿಸ್ಕ್ ಹೋಗಿರಬಹುದು ಎಂದೆ. ಅವರು ಒಳಗೆ ಅಜ್ಜನ ಕಡೆ ನೋಡಿದರು. “ಅಪ್ಪಯ್ಯಂಗೆ ಹೇಳ್ಬೇಡ” ಎಂದರು. ಒಳಗೆ ಬಂದು ಅಜ್ಜನ ಎದುರೇ ಕೂತು ಪಾಯಸ ಕುಡಿಯಬೇಕಾಯಿತು.

ಮರುದಿನ ಮೊದಲ ಬಸ್ಸಿಗೇ ಹೋದೆ. ಅಜ್ಜ ಅಕ್ಷತೆ ಹಾಕಿ ಒಂದೊಂದನ್ನೇ ಸರಿಸಿದರು. ಎಷ್ಟು ನಿಧಾನ! ಆಮೇಲೆ ಮರದ ತುಂಡಿಗೆ ಉಳಿಯಿಟ್ಟು ಒಂದು ಪೆಟ್ಟು ಹಾಕಿದರು. ಕೈ ನಡುಗಿ ಉಳಿ ಜಾರಿತು. “ಹ್ಞಾಂ, ಇನ್ನು ನಿನ್ನ ಆಯುಧ ನೋಡು” ಎಂದರು ನನಗೆ.

ಒದ್ದೆಯಾಗಿದ್ದ ಡಿಸ್ಕಿಗೆ ಕರೆಂಟು ಕೊಡುವ ಧೈರ್ಯ ಬರಲಿಲ್ಲ. ಕಂಪ್ಯೂಟರಿನ ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ಟಿಕ್. ಪರದೆ ಕಪ್ಪಗೇ ಇತ್ತು. ಮತ್ತೆ ಟಿಕ್. ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿದೆ. ಒಳಗೆ ಏನೋ ಕೆರೆದಂತಾಗಿ, ಕುಂಕುಮದ ಹಿಂದೆ ಬೆಳಕು ಬಂತು.

ತಕ್ಷಣ ಹೊಸ ಡಿಸ್ಕ್ ಚುಚ್ಚಿ ಬರೀ ಚಿತ್ತಾರಗಳನ್ನು ನಕಲಿಗೆ ಹಾಕಿದೆ. ನಕಲು ಎಷ್ಟಾಯಿತೆಂದು ತೋರಿಸುವ ಹಸಿರು ಗೆರೆ ನಡುನಡುವೆ ನಿಂತುಬಿಡುತ್ತಿತ್ತು. ನಿಂತಾಗಲೆಲ್ಲ ಅಜ್ಜ, “ಎಂತ ಆಯ್ತು?” ಎನ್ನುತ್ತಿದ್ದರು. “ಏನಿಲ್ಲ ಅಜ್ಜಾ” ಎನ್ನುತ್ತಿದ್ದೆ. ನಕಲು ಮುಗಿದು, ಹೊಸ ಡಿಸ್ಕ್ ತೆಗೆದು ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ನವಿಲಿನ ಬಾಗಿಲಿನ ಚಿತ್ತಾರ ತೆರೆದು ನೋಡುತ್ತಿದ್ದಾಗಲೇ ಕಂಪ್ಯೂಟರ್ ತಾನಾಗಿ ನಿಂತಿತು. ಆಮೇಲೆ ಅದು ಮತ್ತೆ ಏಳಲಿಲ್ಲ.

“ಇಲ್ಲಿ ಬೇಡ. ನಿಮ್ಮನೇಲೇ ಇಟ್ಕೋ” ಎಂದು ಅಣ್ಣ ಹೊಸ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ಕೊಟ್ಟರು. ಲ್ಯಾಪ್‌ಟಾಪಿನಲ್ಲಿ ಎರಡನೆಯ ನಕಲಿಗೆ ಜಾಗವಿರಲಿಲ್ಲ, ಇನ್ನೊಂದು ಖಾಲಿ ಡಿಸ್ಕ್ ಇದ್ದದ್ದು ಮನೆಯಲ್ಲಿ. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿದೆ. ಆ ಚಿತ್ತಾರ ಬರೆದ ಅಜ್ಜನ ಕೈಯನ್ನೇ ಹಿಡಿದಿದ್ದಂತೆ ಅನಿಸುತ್ತಿತ್ತು.

ಮನೆಯ ಹಿತ್ತಿಲಲ್ಲಿ ಅವ್ವ ಹಬ್ಬದ ಪಾತ್ರೆ ತೊಳೆಯುತ್ತಿದ್ದಳು. ಒದ್ದೆ ಕೈ ಚಾಚಿದಳು. “ಏನವ್ವಾ ಅದು, ಪೂಜಿ ಸಾಮಾನೇನು? ಕೊಡಿಲ್ಲಿ, ತೊಳದಿಡ್ತೀನಿ.”

“ಮುಟ್ಟಬ್ಯಾಡ!” ಎಂದು ಕಿರುಚಿದೆ.

ಅವ್ವ ಬೆಚ್ಚಿ ಹಿಂದೆ ಸರಿದಳು. ನಾನು ಕೋಣೆಗೆ ಹೋಗಿ ಚಿಲಕ ಹಾಕಿದೆ. ಎರಡನೆಯ ನಕಲು ಮುಗಿಯುವ ತನಕ ಬಾಗಿಲು ತೆರೆಯಲಿಲ್ಲ.